ಗುಣಮಟ್ಟ ಎಂದು ಬರೆಯುತ್ತಾರೆ, ಕೊಳ್ಳುವ ಕಾರಣ ಬೇರೆಯೇ

ಪ್ರತಿ ವರ್ಷ ಬಿ.ಕಾಂ. ಮತ್ತು ಎಂಬಿಎ ಓದುವ ಕೆಲವರು ಪ್ರಾಜೆಕ್ಟ್ ವರದಿ ಹಿಡಿದು ನನ್ನ ಬಳಿಗೆ ಬರುತ್ತಾರೆ. ವಿಷಯ ಹೆಚ್ಚುಕಡಿಮೆ ಒಂದೇ: ಸೋಪು, ಶಾಂಪೂ, ಡಿಯೋಡರೆಂಟ್, ಸ್ಯಾನಿಟರಿ ಪ್ಯಾಡ್ ಕೊಳ್ಳುವಾಗ ಕಾಲೇಜು ವಿದ್ಯಾರ್ಥಿಗಳು ಏನನ್ನು ನೋಡುತ್ತಾರೆ? ಪ್ರಶ್ನಾವಳಿಯಲ್ಲಿ ಗುಣಮಟ್ಟ, ಬೆಲೆ, ಬ್ರ್ಯಾಂಡ್, ಜಾಹೀರಾತು ಎಂಬ ಚೌಕಗಳಿರುತ್ತವೆ. ಹೆಚ್ಚಿನವರು ಗುರುತು ಹಾಕಿರುವುದು ಗುಣಮಟ್ಟಕ್ಕೆ. ಮಾರುಕಟ್ಟೆ ಸಂಶೋಧನೆಯೇ ನನ್ನ ವೃತ್ತಿ. ಆ ಉತ್ತರ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ‘ಗುಣಮಟ್ಟವನ್ನು ಹೇಗೆ ಕಂಡುಕೊಂಡಿರಿ’ ಎಂದು ಕೇಳುವವರೆಗೆ ಅದರಿಂದ ಏನೂ ತಿಳಿಯುವುದಿಲ್ಲ.

ಸೋಪಿನ ಹೊದಿಕೆಯ ಮೇಲೆ ಸಣ್ಣ ಅಕ್ಷರದಲ್ಲಿ ಟಿಎಫ್‌ಎಂ ಎಂಬ ಅಂಕಿ ಇರುತ್ತದೆ. ಸೋಪಿನಲ್ಲಿರುವ ಒಟ್ಟು ಕೊಬ್ಬಿನ ಅಂಶದ ಲೆಕ್ಕ ಅದು. ಭಾರತೀಯ ಮಾನಕದ ಪ್ರಕಾರ ಮೊದಲ ದರ್ಜೆಯ ಟಾಯ್ಲೆಟ್ ಸೋಪಿನಲ್ಲಿ ಅದು ಕನಿಷ್ಠ ಶೇ 76 ಇರಬೇಕು. ‘ಬೇಥಿಂಗ್ ಬಾರ್’ ಎಂದು ಬರೆದಿದ್ದರೆ ಶೇ 40 ಇದ್ದರೂ ನಡೆಯುತ್ತದೆ. ಈ ಅಂಕಿ ಓದಿ ಸೋಪು ಆರಿಸುವ ವಿದ್ಯಾರ್ಥಿ ಸಿಗುವುದು ಬಹಳ ಅಪರೂಪ. ಅವರಿಗೆ ಗುಣಮಟ್ಟ ಎಂದರೆ ನೊರೆ, ಪರಿಮಳ, ಎಲ್ಲಕ್ಕಿಂತ ಮೊದಲು ಮನೆಯಲ್ಲಿ ಬಳಸಿ ಅಭ್ಯಾಸವಾದದ್ದು. ಹಾಸ್ಟೆಲ್ ಸೇರುವ ದಿನ ಅಮ್ಮ ಬಕೆಟ್ಟಿಗೆ ಹಾಕಿ ಕಳುಹಿಸಿದ ಸೋಪೇ ಮೊದಲ ಸೆಮಿಸ್ಟರಿನ ಆಯ್ಕೆ. 1916ರಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆಯ ಮೈಸೂರು ಸ್ಯಾಂಡಲ್ ಇಂದಿಗೂ ಹದಿನೆಂಟರ ಹುಡುಗರ ಸೋಪುಡಬ್ಬಿಯಲ್ಲಿ ಕಾಣಸಿಗುವುದಕ್ಕೆ ಇದೂ ಒಂದು ಕಾರಣ.

ಈ ಅಭ್ಯಾಸವನ್ನು ಮುರಿಯುವುದು ಜಾಹೀರಾತಿಗಿಂತ ಹೆಚ್ಚಾಗಿ ನೀರು. ಮಲೆನಾಡಿನ ಮೆದು ನೀರಿನಲ್ಲಿ ಮಿಂದವರು ಬೆಂಗಳೂರಿನ ಪಿ.ಜಿ.ಯ ಬೋರ್‌ವೆಲ್ ನೀರಿಗೆ ಬಂದಾಗ ಅದೇ ಸೋಪು ನೊರೆ ಕೊಡುವುದಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಕೂಡಿ ಬಿಳಿ ಜಿಗುಟಾಗಿ ಮೈಗೂ ಬಕೆಟ್ಟಿಗೂ ಅಂಟುತ್ತವೆ. ವಿದ್ಯಾರ್ಥಿ ಇದನ್ನು ‘ಸೋಪು ಹಿಡಿಸುತ್ತಿಲ್ಲ’ ಎಂದು ಅರ್ಥ ಮಾಡಿಕೊಂಡು ಪಕ್ಕದ ಕೋಣೆಯವರು ಏನು ಬಳಸುತ್ತಾರೆಂದು ವಿಚಾರಿಸುತ್ತಾನೆ. ಬಾಡಿವಾಶ್, ಫೇಸ್‌ವಾಶ್ ಕೋಣೆಗೆ ಕಾಲಿಡುವುದು ಆಗ. ಕೂದಲು ಉದುರತೊಡಗಿದರೆ ಶಾಂಪೂ ಕೂಡ ತಿಂಗಳಿಗೊಂದರಂತೆ ಬದಲಾಗುತ್ತದೆ. ಹೀಗೆ ಬದಲಾಯಿಸಿ ನೋಡಲು ಸ್ಯಾಷೆ ಇದೆ. ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್ ಶಾಂಪೂವನ್ನು ಸಣ್ಣ ಪೊಟ್ಟಣದಲ್ಲಿ ತುಂಬಿ ಮಾರಿದ್ದು ದೊಡ್ಡ ಬಾಟಲಿ ಕೊಳ್ಳಲಾಗದವರಿಗಾಗಿ. ಇಂದು ಕೈಯಲ್ಲಿ ಹಣವಿರುವ ವಿದ್ಯಾರ್ಥಿಗೂ ಅದು ಬೇಕು, ಏಕೆಂದರೆ ಹಿಡಿಸದಿದ್ದರೆ ನಷ್ಟವಾಗುವುದು ಒಂದೆರಡು ರೂಪಾಯಿ ಮಾತ್ರ.

ಡಿಯೋಡರೆಂಟ್ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಅದು ಗೆಳೆಯರ ನಡುವಿನ ಸರಕು. ಒಬ್ಬ ತಂದದ್ದನ್ನು ಮೂವರು ಬಳಸುತ್ತಾರೆ, ಹಿಡಿಸಿದರೆ ಮುಂದಿನ ಬಾರಿ ಮತ್ತೊಬ್ಬ ಅದನ್ನೇ ತರುತ್ತಾನೆ.

ಪ್ಯಾಡಿನ ಕಥೆ ಪೂರ್ತಿ ಬೇರೆ. ಅದನ್ನು ಸೋಪು, ಶಾಂಪೂಗಳ ಜೊತೆ ಒಂದೇ ಕೋಷ್ಟಕಕ್ಕೆ ಸೇರಿಸುವ ವರದಿಗಳನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ರಾಜ್ಯದ ಶುಚಿ ಯೋಜನೆ ಉಚಿತ ಪ್ಯಾಡ್ ಕೊಡಲು ಗುರುತಿಸಿಕೊಂಡದ್ದು ಸರ್ಕಾರಿ ಶಾಲೆ ಮತ್ತು ಪಿಯು ಹಂತದ ಹುಡುಗಿಯರನ್ನು. ಪದವಿಗೆ ಬಂದವಳು ತಾನೇ ಅಂಗಡಿಗೆ ಹೋಗಬೇಕು. ಧಾರವಾಡದ ಸಪ್ತಾಪುರದಲ್ಲಿ, ಕೋಚಿಂಗ್ ಕೇಂದ್ರಗಳ ನಡುವಿನ ಕಿರಾಣಿ ಅಂಗಡಿಯೊಂದರಲ್ಲಿ ಸಂಜೆ ಹೊತ್ತು ಕುಳಿತು ಗಮನಿಸಿದ್ದೇನೆ. ಹುಡುಗಿ ಬರುತ್ತಾಳೆ. ಕೌಂಟರಿನ ಬಳಿ ಹುಡುಗರಿದ್ದರೆ ಬಿಸ್ಕತ್ತಿನ ಡಬ್ಬಗಳತ್ತ ನೋಡುತ್ತ ನಿಲ್ಲುತ್ತಾಳೆ. ಅವರು ಹೋದ ಮೇಲೆ ಒಂದೇ ಶಬ್ದದಲ್ಲಿ ಬ್ರ್ಯಾಂಡಿನ ಹೆಸರು ಹೇಳುತ್ತಾಳೆ. ಅಂಗಡಿಯವರು ಪೊಟ್ಟಣವನ್ನು ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ ಕೊಡುತ್ತಾರೆ. ಬೇರೆ ಯಾವುದಿದೆ, ಬೆಲೆ ಎಷ್ಟು, ಎಷ್ಟು ಉದ್ದ ಎಂದು ವಿಚಾರಿಸುವುದಕ್ಕೆ ಅಲ್ಲಿ ಅವಕಾಶವೇ ಇಲ್ಲ. ಜಾಹೀರಾತಿನಲ್ಲಿ ಹೆಚ್ಚು ಕೇಳಿಬಂದ ಹೆಸರೇ ಗೆಲ್ಲುವುದು ಇಂಥ ಕಡೆ. ಪ್ರಶ್ನಾವಳಿಯಲ್ಲಿ ಇದು ‘ಬ್ರ್ಯಾಂಡ್ ನಿಷ್ಠೆ’ ಎಂದು ದಾಖಲಾಗುತ್ತದೆ. ಅದು ನಿಷ್ಠೆಯಲ್ಲ, ಬೇಗ ಅಲ್ಲಿಂದ ಹೊರಡುವ ಆತುರ. ಅದೇ ಹುಡುಗಿ ಮೊಬೈಲ್ ಆ್ಯಪ್‌ನಲ್ಲಿ ತರಿಸುವಾಗ ಅರ್ಧ ಗಂಟೆ ಹೋಲಿಸಿ ನೋಡುತ್ತಾಳೆ.

ಬೆಲೆಯೊಂದೇ ಇದನ್ನು ಸರಿಪಡಿಸುವುದಿಲ್ಲ. ಪ್ಯಾಡಿನ ಮೇಲಿದ್ದ ಶೇ 12 ಜಿಎಸ್‌ಟಿ 2018ರ ಜುಲೈನಲ್ಲಿ ರದ್ದಾಯಿತು. 2019ರಿಂದ ಜನೌಷಧಿ ಕೇಂದ್ರಗಳಲ್ಲಿ ‘ಸುವಿಧಾ’ ಪ್ಯಾಡ್ ಒಂದಕ್ಕೆ ಒಂದು ರೂಪಾಯಿ. ಹಾಗಿದ್ದರೂ ಹಾಸ್ಟೆಲಿನಲ್ಲಿ ಕೇಳಿದರೆ ‘ಯಾರೂ ಬಳಸಿ ಹೇಳಿಲ್ಲ’ ಎನ್ನುತ್ತಾರೆ. ಶಾಂಪೂ ಹಿಡಿಸದಿದ್ದರೆ ನಾಳೆ ಬೇರೆ ಹಚ್ಚಿಕೊಳ್ಳಬಹುದು. ಪ್ಯಾಡ್ ಕೈಕೊಟ್ಟರೆ ಮೂರು ಗಂಟೆಯ ಪರೀಕ್ಷೆಯ ನಡುವೆ ಎದ್ದು ಹೋಗಬೇಕಾಗುತ್ತದೆ. ಹೊಸದನ್ನು ಪರೀಕ್ಷಿಸುವ ಅಪಾಯವನ್ನು ತರಗತಿಯ ಹುಡುಗಿ ತೆಗೆದುಕೊಳ್ಳುವುದಿಲ್ಲ. ನಂಬಿಕೆಯ ಅಕ್ಕನೊಬ್ಬಳು, ಅಂದರೆ ಹಾಸ್ಟೆಲಿನ ಸೀನಿಯರ್, ಬಳಸಿ ಹೇಳಿದರೆ ಮಾತ್ರ ಬದಲಾಗುತ್ತಾಳೆ. ಕಾಲೇಜಿನ ಸಹಕಾರಿ ಅಂಗಡಿಯಲ್ಲಿ ಪ್ಯಾಡುಗಳನ್ನು ಬೆಲೆ ಕಾಣುವಂತೆ ತೆರೆದ ಕಪಾಟಿನಲ್ಲಿ ಇಟ್ಟು, ಒಂದೊಂದೇ ಬಿಡಿಯಾಗಿ ಕೊಳ್ಳಲು ಬಿಟ್ಟರೆ ಎಷ್ಟೋ ಜನ ಅಗ್ಗದ್ದನ್ನು ರಜೆಯ ದಿನ ಪ್ರಯತ್ನಿಸಿ ನೋಡುತ್ತಾರೆ. ಪ್ರಾಂಶುಪಾಲರು ಮನಸ್ಸು ಮಾಡಿದರೆ ಇದು ಒಂದು ವಾರದ ಕೆಲಸ.

ಪ್ರಾಜೆಕ್ಟ್ ಮಾಡುವವರಿಗೆ ನಾನು ಹೇಳುವುದು ಇಷ್ಟು: ಆ ಚೌಕಗಳನ್ನು ಬಿಟ್ಟು, ಕೊನೆಯ ಬಾರಿ ಕೊಂಡದ್ದನ್ನು ಮಾತ್ರ ವಿಚಾರಿಸಿ. ಎಲ್ಲಿ ಕೊಂಡಿರಿ, ಜೊತೆಗೆ ಯಾರಿದ್ದರು, ದುಡ್ಡು ಯಾರದು? ಆಮೇಲೆ, ಕೇಳಿದ್ದು ಅಂಗಡಿಯಲ್ಲಿ ಇಲ್ಲದಿದ್ದಾಗ ಏನು ಮಾಡಿದಿರಿ? ಸೋಪಾದರೆ ‘ಇರುವುದನ್ನು ಕೊಡಿ’ ಎಂದಿರುತ್ತಾರೆ. ಡಿಯೋಡರೆಂಟ್ ಆದರೆ ಕೊಳ್ಳದೆ ಬಂದಿರುತ್ತಾರೆ. ಪ್ಯಾಡ್ ಆದರೆ ಮುಂದಿನ ಅಂಗಡಿಗೆ, ಅಲ್ಲೂ ಇಲ್ಲದಿದ್ದರೆ ಅದರಾಚೆಯ ಮೆಡಿಕಲ್ ಶಾಪಿಗೆ ನಡೆದಿರುತ್ತಾರೆ.