ಹಳೆ ಡಬ್ಬಿಯ ಸಾಮಾನಿನಿಂದ ಕೊಲಾಜ್: ಫೋನ್ ಸಾಕಾ, ಸ್ಕ್ಯಾನರ್ ಬೇಕಾ?

ಪ್ರಶ್ನೆ: ನಮ್ಮದು ಉಡುಪಿ. ನನ್ನ ಬಾಲ್ಯದ ಫೋಟೋ ಇರುವುದೇ ಏಳೆಂಟು. ಆದರೆ ಅಮ್ಮ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಪ್ರೋಗ್ರೆಸ್ ಕಾರ್ಡು, ಬಸ್ ಟಿಕೆಟು, ಬಯಲಾಟದ ಹ್ಯಾಂಡ್‌ಬಿಲ್ಲು, ಗೋಲಿ ಎಲ್ಲಾ ತೆಗೆದಿಟ್ಟಿದ್ದಾರೆ. ಇವನ್ನು ಸೇರಿಸಿ ಡಿಜಿಟಲ್ ಕೊಲಾಜ್ ಮಾಡಬಹುದಾ? ಫೋನ್ ಕ್ಯಾಮೆರಾ ಸಾಕಾ, ಸ್ಕ್ಯಾನರ್ ಬೇಕಾ?

ಉತ್ತರ: ಧಾರಾಳವಾಗಿ ಮಾಡಬಹುದು. ಫೋಟೋ ಕಡಿಮೆ ಇರುವುದೇ ಒಳ್ಳೆಯದಾಯಿತು. ಮೂವತ್ತು ಮುಖಗಳನ್ನು ಚೌಕ ಚೌಕವಾಗಿ ಜೋಡಿಸಿದರೆ ಮದುವೆ ಬ್ಯಾನರ್ ತರ ಕಾಣುತ್ತದೆ, ಅಷ್ಟೇ. ಒಂದು ಫೋಟೋ, ಅದರ ಪಕ್ಕ ಅದೇ ವರ್ಷದ ಟಿಕೆಟು, ಅದೇ ವರ್ಷದ ಗಣಿತದ ಮಾರ್ಕು ಬಂದರೆ ನೋಡುವವರು ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಚಪ್ಪಟೆ ಇರುವುದಕ್ಕೆ ಸ್ಕ್ಯಾನರ್, ಉಬ್ಬು ಇರುವುದಕ್ಕೆ ಫೋನ್. ಎರಡೂ ಬೇಕು.

ಸ್ಕ್ಯಾನರ್ ಕೊಳ್ಳಬೇಕೆಂದಿಲ್ಲ, ಝೆರಾಕ್ಸ್ ಅಂಗಡಿಯಲ್ಲಿ ಮಾಡಿಸಿ. ಆದರೆ ಸುಮ್ನೆ ಕೊಟ್ಟರೆ ಅವರು ಕಡಿಮೆ ಗುಣಮಟ್ಟದ ಪಿಡಿಎಫ್ ಮಾಡಿ ಕೊಟ್ಟಾರು. '600 ಡಿಪಿಐ, ಜೆಪಿಜಿ' ಎಂದು ಮೊದಲೇ ಹೇಳಿ. ಡಿಪಿಐ ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ. 4x6 ಇಂಚಿನ ಫೋಟೋ ಆಗ 2400x3600 ಪಿಕ್ಸೆಲ್ ಆಗುತ್ತದೆ, ಎ4 ಅಗಲಕ್ಕೆ ಹಿಗ್ಗಿಸಿದರೂ ಮಸುಕಾಗುವುದಿಲ್ಲ.

ಹ್ಯಾಂಡ್‌ಬಿಲ್ಲಿಗೆ ಮಾತ್ರ ಒಂದು ಉಪಾಯ ಉಂಟು. ಆ ಗುಲಾಬಿ, ಹಳದಿ ಕಾಗದ ತೀರಾ ತೆಳು. ಹಿಂದಿನ ಬದಿಯ ಅಕ್ಷರ ಮುಂದಕ್ಕೂ ಕಾಣುತ್ತದೆ, ಪ್ರಸಂಗದ ಹೆಸರಿನ ನಡುವೆ ಯಾವುದೋ ಜಾಹೀರಾತು ಉಲ್ಟಾ ಮೂಡುತ್ತದೆ. ಅದರ ಬೆನ್ನಿಗೆ ಒಂದು ಕಪ್ಪು ಕಾಗದ ಇಟ್ಟು ಸ್ಕ್ಯಾನ್ ಮಾಡಿ, ಆ ನೆರಳು ಹೋಗುತ್ತದೆ. ಬಣ್ಣ ಸ್ವಲ್ಪ ಕಪ್ಪಾಗುತ್ತದೆ, ಆಮೇಲೆ ಬ್ರೈಟ್‌ನೆಸ್ ಜಾಸ್ತಿ ಮಾಡಿದರಾಯಿತು.

ನಮ್ಮೂರಿನ ಮಳೆಗೆ ಆಲ್ಬಮ್‌ಗಳ ಪಾಡು ಗೊತ್ತಲ್ವಾ? ಬೂಷ್ಟು ಹಿಡಿದ ಫೋಟೋಗೆ ಒದ್ದೆ ಬಟ್ಟೆ ತಾಗಿಸಲೇಬೇಡಿ. ಚಿತ್ರ ಇರುವುದು ಜೆಲಟಿನ್ ಪದರದಲ್ಲಿ, ಬೂಷ್ಟು ತಿನ್ನುವುದೂ ಅದನ್ನೇ. ನೀರು ತಾಗಿದರೆ ಮುಖವೇ ಎದ್ದು ಬಂದೀತು. ನೆರಳಲ್ಲಿ ಒಣಗಿಸಿ, ಮೆತ್ತಗಿನ ಬ್ರಷ್ಷಿನಿಂದ ಉದುರಿಸಿ. ಅಂಟು ಹಾಳೆಯ ಆಲ್ಬಮ್ಮಿನಿಂದ ಫೋಟೋ ಕೀಳುವಾಗ ಹಲ್ಲಿನ ಸಂದಿ ಸ್ವಚ್ಛ ಮಾಡುವ ಫ್ಲಾಸ್ ದಾರವನ್ನು ಫೋಟೋದ ಅಡಿಗೆ ತೂರಿಸಿ ನಿಧಾನಕ್ಕೆ ಎಳೆಯಿರಿ. ಫ್ರೇಮಿನ ಗಾಜಿಗೇ ಅಂಟಿದ್ದರೆ ಎಬ್ಬಿಸಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ.

ಗೋಲಿ, ಚೆನ್ನೆಮಣೆಯ ಕಾಳು, ಹುಲಿವೇಷದ ಮುಖವಾಡ ಇಂಥದ್ದಕ್ಕೆ ಫೋನ್. ಟ್ಯೂಬ್‌ಲೈಟ್ ಆರಿಸಿ, ಕಿಟಕಿ ಪಕ್ಕ ಬಿಳಿ ಹಾಳೆಯ ಮೇಲಿಡಿ. ಮೋಡ ಕವಿದ ದಿನದ ಬೆಳಕಿನಷ್ಟು ಒಳ್ಳೆಯದು ಇನ್ನೊಂದಿಲ್ಲ, ಜಡಿಮಳೆಯ ಆಟಿ ತಿಂಗಳು ಇದಕ್ಕಾದರೂ ಉಪಯೋಗಕ್ಕೆ ಬರಲಿ! ಎಲ್ಲಾ ವಸ್ತುಗಳಿಗೂ ಬೆಳಕು ಒಂದೇ ಬದಿಯಿಂದ ಬೀಳಬೇಕು. ಗೋಲಿಯ ನೆರಳು ಬಲಕ್ಕೆ, ಮುಖವಾಡದ್ದು ಎಡಕ್ಕೆ ಇದ್ದರೆ ಅಂಟಿಸಿದ್ದು ಅಂತ ಕೂಡಲೇ ಗೊತ್ತಾಗುತ್ತದೆ.

ಇನ್ನು ಯಾವುದರ ಪಕ್ಕ ಯಾವುದು? ನನಗೆ ಹೆಚ್ಚು ಖುಷಿ ಕೊಡುವ ಕೆಲಸ ಇದೇ. ಫೋಟೋ ಹಿಂದೆ ತಾರೀಕು ಇಲ್ಲದಿದ್ದರೂ ಸುಳಿವು ಸಿಗುತ್ತದೆ. ಉಡುಪಿಯ ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ, ಬರುವುದು ಎರಡು ವರ್ಷಕ್ಕೊಮ್ಮೆ, ಜನವರಿ 18ಕ್ಕೆ. ಎಂಟು ಮಠಗಳು, ಹಾಗಾಗಿ ಒಂದು ಮಠದ ಸರದಿ ಮತ್ತೆ ಬರಲು 16 ವರ್ಷ ಬೇಕು. ರಥಬೀದಿಯ ಕಮಾನಿನಲ್ಲಿ ಪೇಜಾವರ ಮಠದ ಹೆಸರಿದ್ದರೆ ಅದು 1984, 2000 ಅಥವಾ 2016. ನೀವು ಚಡ್ಡಿಯಲ್ಲಿ ನಿಂತಿದ್ದೀರಿ ಅಂದಮೇಲೆ ಯಾವುದೆಂದು ನಾನು ಹೇಳಬೇಕಾಗಿಲ್ಲ. ಇನ್‌ಲ್ಯಾಂಡ್ ಪತ್ರದ ವಿಳಾಸದಲ್ಲಿ 'ಉಡುಪಿ, ದ.ಕ.' (ದಕ್ಷಿಣ ಕನ್ನಡ) ಅಂತ ಇದ್ದರೆ ಹೆಚ್ಚಾಗಿ 1997ರ ಆಗಸ್ಟಿನ ಹಿಂದಿನದು. ಆಮೇಲೆ ಉಡುಪಿಯೇ ಬೇರೆ ಜಿಲ್ಲೆಯಾಯಿತಲ್ಲ. ಅಮ್ಮನ ಹತ್ತಿರ ಕೂತು ಕೇಳಿ, ಇನ್ನೂ ನಾಲ್ಕು ಸುಳಿವು ಹೊರಗೆ ಬರುತ್ತದೆ.

ಜೋಡಿಸಲು ಕ್ಯಾನ್ವಾದಂಥ ಯಾವ ಆ್ಯಪ್ ಆದರೂ ನಡೆಯುತ್ತದೆ. ಹಾಳೆಯ ಅಳತೆಯನ್ನು ಮಾತ್ರ ಮೊದಲೇ ದೊಡ್ಡದು ಇಡಿ. ಎ3 ಪ್ರಿಂಟಿಗೆ 3508x4961 ಪಿಕ್ಸೆಲ್. ಟಿಕೆಟನ್ನು ಫೋಟೋದಷ್ಟು ದೊಡ್ಡದು ಮಾಡಬೇಡಿ. ಚಿಕ್ಕದು ಚಿಕ್ಕದಾಗಿಯೇ ಇದ್ದರೆ ಚೆಂದ. ಹಿನ್ನೆಲೆಗೆ ಆ್ಯಪ್ ಕೊಡುವ ಹೂವಿನ ಡಿಸೈನ್ ಬೇಡ ಮಾರಾಯ್ರೆ. ಮನೆಯ ರೆಡ್ ಆಕ್ಸೈಡ್ ನೆಲದ ಫೋಟೋ ತೆಗೆದು ಹಾಕಿ. ಹಳೆ ಮನೆ ಕೆಡವಿ ಆಗಿದ್ದರೆ ಮೂಲೆಯಲ್ಲೆಲ್ಲೋ ಒಂದು ಹಂಚು ಉಳಿದಿರುತ್ತದೆ, ಕಾರ್ಖಾನೆಯ ಹೆಸರು ಒತ್ತಿದ ಬದಿಯ ಫೋಟೋ ತೆಗೆದು ಹಾಕಿ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ನಮ್ಮ ಎಷ್ಟೋ ಮನೆಗಳ ಮಾಡಿನ ಮೇಲೆ ಇಂಥ ಹೆಸರುಗಳು ಇದ್ದವು.

ಹಳೆಯದರಂತೆ ಕಾಣಲು ಕಂದು ಬಣ್ಣ ಬಳಿಯುವ ಸೆಪಿಯಾ ಫಿಲ್ಟರ್ ಬೇಡ. 80ರ ದಶಕದ ಫೋಟೋ ಕೆಂಪಗಾಗಿದ್ದರೆ ಅದು ನೀಲಿ-ಹಸಿರು ಬಣ್ಣ ಮಾಸಿದ್ದರಿಂದ. ಕೆಂಪನ್ನು ತುಸು ಇಳಿಸಿ, ಸಾಕು.

ಪ್ರಿಂಟಿಗೆ ಕೊಡುವಾಗ ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಬೇಡಿ, ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಅಥವಾ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಸ್ಟೇಟಸ್ಸಿಗೆ ಹಾಕುವುದಾದರೆ ಪ್ರೋಗ್ರೆಸ್ ಕಾರ್ಡಿನ ಹುಟ್ಟಿದ ತಾರೀಕು, ವಿಳಾಸ ಮುಚ್ಚಿ. ಗಣಿತದ ಮಾರ್ಕು ಮುಚ್ಚುವುದು ಬಿಡುವುದು ನಿಮಗೆ ಬಿಟ್ಟದ್ದು.