ತಾಯಿಗೆ ಡಿಮೆನ್ಷಿಯಾ ಬಂದರೆ ಮಕ್ಕಳಿಗೂ ಬರುವುದು ಖಚಿತವೇ?

ಪ್ರಶ್ನೆ: ನನ್ನ ತಾಯಿಗೆ 72ನೆಯ ವಯಸ್ಸಿನಲ್ಲಿ ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕುಗ್ಗುತ್ತ ಹೋಗುವ ಕಾಯಿಲೆ) ಶುರುವಾಯಿತು. ನನಗೀಗ 50 ವರ್ಷ. ನನಗೂ ಅದು ಬಂದೇ ಬರುತ್ತದೆಯೇ? ಜೀವನಶೈಲಿಗೂ ವಾಸಿಸುವ ಪರಿಸರಕ್ಕೂ ಈ ಕಾಯಿಲೆಯೊಂದಿಗೆ ಸಂಬಂಧವಿದೆಯೇ?

ಉತ್ತರ: ಬಂದೇ ಬರುತ್ತದೆ ಎಂದೇನಿಲ್ಲ. ತಂದೆ ಅಥವಾ ತಾಯಿಗೆ ಇಳಿವಯಸ್ಸಿನಲ್ಲಿ ಈ ಕಾಯಿಲೆ ಬಂದಿದ್ದರೆ ಮಕ್ಕಳ ಅಪಾಯ ಸ್ವಲ್ಪ ಹೆಚ್ಚುತ್ತದೆ, ಆದರೆ ಹಣೆಬರಹವೇ ನಿರ್ಧಾರವಾಗಿಬಿಡುವಂಥ ಅನುವಂಶೀಯತೆ ಬಹಳ ಅಪರೂಪ. ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗ 2024ರಲ್ಲಿ ಬದಲಾಯಿಸಬಹುದಾದ 14 ಅಪಾಯಕಾರಿ ಅಂಶಗಳನ್ನು ಗುರುತಿಸಿ, ಅವೆಲ್ಲವನ್ನೂ ನಿವಾರಿಸಲು ಸಾಧ್ಯವಾದರೆ ಜಗತ್ತಿನ ಸುಮಾರು ಶೇ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅಂದಾಜಿಸಿತು. ಇದು ಇಡೀ ಜನಸಮುದಾಯದ ಲೆಕ್ಕವೇ ಹೊರತು ಒಬ್ಬ ವ್ಯಕ್ತಿಗೆ ನೀಡಿದ ಭರವಸೆಯಲ್ಲ. ಎಚ್ಚರದಿಂದ ಬದುಕಿದವರಿಗೂ ಈ ಕಾಯಿಲೆ ಬರುತ್ತದೆ, ಆದ್ದರಿಂದ ನಿಮ್ಮ ತಾಯಿಯ ಸ್ಥಿತಿಗೆ ಅವರನ್ನಾಗಲಿ ನಿಮ್ಮನ್ನಾಗಲಿ ದೂಷಿಸಿಕೊಳ್ಳಬೇಕಾಗಿಲ್ಲ.

ಆ ಪಟ್ಟಿಯಲ್ಲಿ ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಕಡೆಗಣಿಸಲ್ಪಡುವುದು ಕಿವಿ ಮಂದವಾಗುವುದು ಎಂಬುದು ನನ್ನ ಅಭಿಪ್ರಾಯ. ಅರ್ಧ ಕೇಳಿಸಿದ ಮಾತನ್ನು ಪೂರ್ತಿಗೊಳಿಸಿಕೊಳ್ಳಲು ಮಿದುಳು ಸದಾ ಹೆಣಗಬೇಕಾಗುತ್ತದೆ. ಪದೇ ಪದೇ ‘ಏನಂದೆ?’ ಎಂದು ಕೇಳಲು ಸಂಕೋಚಪಟ್ಟು ಹಿರಿಯರು ಮಾತುಕತೆಯಿಂದಲೇ ಹಿಂದೆ ಸರಿಯುತ್ತಾರೆ. ಹೀಗೆ ಬೆಳೆಯುವ ಒಂಟಿತನ ತಾನೇ ಮತ್ತೊಂದು ಅಪಾಯವಾಗುತ್ತದೆ. 2023ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 70ರಿಂದ 84 ವರ್ಷದ 977 ಜನರನ್ನು ಮೂರು ವರ್ಷ ಗಮನಿಸಲಾಯಿತು. ಶ್ರವಣಯಂತ್ರದಿಂದ ಒಟ್ಟಾರೆ ಗುಂಪಿನಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲವಾದರೂ, ಮೊದಲೇ ಹೆಚ್ಚು ಅಪಾಯದಲ್ಲಿದ್ದವರಲ್ಲಿ ಗ್ರಹಣಶಕ್ತಿ ಕುಗ್ಗುವ ವೇಗ ಸುಮಾರು ಅರ್ಧದಷ್ಟು ತಗ್ಗಿತು. ಕನ್ನಡಕಕ್ಕೆ ಇಲ್ಲದ ನಾಚಿಕೆ ಶ್ರವಣಯಂತ್ರಕ್ಕೆ ಮಾತ್ರ ಏಕಿರಬೇಕು? ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿಯ ಪರೀಕ್ಷೆಯೂ ಯಂತ್ರದ ಹೊಂದಿಕೆಯೂ ನಡೆಯುತ್ತವೆ.

ನಿಮ್ಮ ವಯಸ್ಸಿನವರು ರಕ್ತದೊತ್ತಡದ ವಿಷಯದಲ್ಲಿ ಉದಾಸೀನ ಮಾಡಲೇಬಾರದು. ನಡುವಯಸ್ಸಿನಲ್ಲಿ ಹತೋಟಿ ತಪ್ಪಿದ ಬಿ.ಪಿ. ಮಿದುಳಿನ ಸಣ್ಣ ರಕ್ತನಾಳಗಳನ್ನು ಸದ್ದಿಲ್ಲದೆ ಹಾಳುಗೆಡವುತ್ತದೆ. ತೊಂದರೆಯೇನೂ ಕಾಣುತ್ತಿಲ್ಲವೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವವರು ಇದನ್ನು ನೆನಪಿಡಬೇಕು. ಸಕ್ಕರೆ ಕಾಯಿಲೆ, ಎಲ್‌ಡಿಎಲ್ (‘ಕೆಟ್ಟ’) ಕೊಲೆಸ್ಟರಾಲ್, ಧೂಮಪಾನ, ಅತಿಯಾದ ಮದ್ಯ, ವ್ಯಾಯಾಮವಿಲ್ಲದ ದಿನಚರಿ, ಚಿಕಿತ್ಸೆ ಕಾಣದ ಖಿನ್ನತೆ, ತಲೆಗೆ ಬೀಳುವ ಪೆಟ್ಟು ಕೂಡ ಪಟ್ಟಿಯಲ್ಲಿವೆ.

ಪರಿಸರದ ಮಾತಿಗೆ ಬಂದರೆ, ವಾಹನ ಮತ್ತು ಕಾರ್ಖಾನೆಗಳ ಹೊಗೆಯಲ್ಲಿರುವ ಅತಿಸೂಕ್ಷ್ಮ ಕಣಗಳು ಅಪಾಯವನ್ನು ಹೆಚ್ಚಿಸುತ್ತವೆ ಎಂಬುದಕ್ಕೆ ಪುರಾವೆ ಬಲವಾಗುತ್ತಿದೆ. ಸೌದೆ ಒಲೆಯ ಹೊಗೆಯಲ್ಲೂ ಅಂಥ ಕಣಗಳೇ ಇರುವುದರಿಂದ ಗ್ರಾಮೀಣ ಮಹಿಳೆಯರ ಅಡುಗೆಮನೆಯನ್ನು ಈ ಚರ್ಚೆಯಿಂದ ಹೊರಗಿಡಲಾಗದು. ಗಾಳಿಯನ್ನು ಶುದ್ಧವಾಗಿಡುವುದು ಒಬ್ಬರ ಕೈಯಲ್ಲಿಲ್ಲ. ಅದು ಸರ್ಕಾರದ ಹೊಣೆ. ಪಟ್ಟಿಯಲ್ಲಿರುವ ಬಾಲ್ಯದ ಶಿಕ್ಷಣದ ಕೊರತೆಯೂ ಹಾಗೆಯೇ ಒಬ್ಬರ ಕೈ ಮೀರಿದ್ದು. ಆದರೆ ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಆರಂಭವಾಗಿತ್ತು, ಶಾಲೆಗೇ ಹೋಗದವರಲ್ಲೂ ಈ ವ್ಯತ್ಯಾಸ ಕಂಡುಬಂದಿತ್ತು.

ನೆನಪಿನ ಶಕ್ತಿಗೆಂದು ಮಾರುವ ಮಾತ್ರೆಗಳಿಗೆ ಹಣ ಸುರಿಯಬೇಡಿ. ಡಿಮೆನ್ಷಿಯಾ ತಡೆಗಟ್ಟಲೆಂದು ವಿಟಮಿನ್ ಬಿ, ಇ ಮುಂತಾದ ಪೂರಕಗಳನ್ನು ಶಿಫಾರಸು ಮಾಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಆದರೆ ರಕ್ತಪರೀಕ್ಷೆಯಲ್ಲಿ ಬಿ12 ಕೊರತೆ ಕಂಡವರ ಮಾತು ಬೇರೆ. ಆ ಕೊರತೆಯೂ ಥೈರಾಯ್ಡ್ ತೊಂದರೆಯೂ ಮರೆವನ್ನು ತರಬಲ್ಲವು, ಅವುಗಳಿಗೆ ಚಿಕಿತ್ಸೆಯಿದೆ. ಆದ್ದರಿಂದ ನಿಮ್ಮಲ್ಲಿ ಮರೆವು ಕಾಣಿಸಿಕೊಂಡರೆ ತಾಯಿಯ ಕಾಯಿಲೆಯೇ ಬಂತೆಂದು ಎದೆಗುಂದದೆ ವೈದ್ಯರನ್ನು ಕಾಣಿ.