ಸೇಂದಿಗೆ ಬೆರೆಸಿದ ಪುಡಿ, ಮಿದುಳಿಗೆ ಹತ್ತಿದ ಚಟ

ಸಿಎಚ್ ಪೌಡರ್ ಎಂದರೇನು ಅಂತ ರಾಯಚೂರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅಬಕಾರಿ ದಾಳಿ, ಜಪ್ತಿಯಾದ ಪುಡಿ, ಚರಂಡಿಗೆ ಚೆಲ್ಲಿದ ಸೇಂದಿ, ಇವೆಲ್ಲ ಪತ್ರಿಕೆಯಲ್ಲಿ ಆಗಾಗ ಓದುವ ಸುದ್ದಿ. ಆ ಸೇಂದಿಯನ್ನೇ ನೆಚ್ಚಿಕೊಂಡಿದ್ದ ಕೂಲಿಕಾರ ಮರುದಿನದಿಂದ ಏನಾದ ಎಂಬುದು ಮಾತ್ರ ಸುದ್ದಿಯಾಗುವುದಿಲ್ಲ.

ಈಚಲು ಮರದಿಂದ ಬೆಳಗ್ಗೆ ಇಳಿಸಿದ ರಸ ಸಿಹಿಯಾಗಿರುತ್ತದೆ. ಬಿಸಿಲೇರಿದಂತೆ ಹುಳಿ ಬಂದು ಅಮಲೇರುತ್ತದೆ. ಮರಗಳು ಕಡಿಮೆಯಾದರೂ ಗಿರಾಕಿಗಳು ಕಡಿಮೆಯಾಗಲಿಲ್ಲ. ಆ ಕೊರತೆಯನ್ನು ನೀರು, ಸ್ಯಾಕ್ರಿನ್ ಮತ್ತು ಪುಡಿ ತುಂಬಿದವು. ಸಿಎಚ್ ಅಂದರೆ ಕ್ಲೋರಲ್ ಹೈಡ್ರೇಟ್. 1832ರಲ್ಲಿ ಜರ್ಮನಿಯ ಲೀಬಿಗ್ ತಯಾರಿಸಿದ ಈ ರಾಸಾಯನಿಕವನ್ನು 1869ರಿಂದ ವೈದ್ಯರು ನಿದ್ದೆಯ ಔಷಧಿಯಾಗಿ ಬಳಸಿದರು. ಅದರ ಜೊತೆಗೆ ಡಯಾಜೆಪಾಮ್, ಅಲ್ಪ್ರಜೋಲಾಮ್ ಎಂಬ ನಿದ್ದೆ ಬರಿಸುವ ಮಾತ್ರೆಗಳೂ ಕಲಬೆರಕೆಗೆ ಇಳಿದವು. ಕುಡಿಯುವವನು ತಾನು ಸೇಂದಿ ಕುಡಿಯುತ್ತಿದ್ದೇನೆ ಅಂದುಕೊಳ್ಳುತ್ತಾನೆ. ಅವನ ಮಿದುಳಿಗೆ ದಿನವೂ ಬೀಳುತ್ತಿರುವುದು ನಿದ್ದೆಮಾತ್ರೆ.

ಇಂಥವನನ್ನು ಕಂಡರೆ ನಾವು ಆಡುವ ಮಾತು ಒಂದೇ: ಮನಸ್ಸು ಮಾಡಿದ್ದರೆ ಬಿಡುತ್ತಿದ್ದ. ಈ ಮಾತು ಎಷ್ಟು ಪೊಳ್ಳು ಎಂದು ತಿಳಿಯಲು ವಿಜ್ಞಾನಿಗಳಿಗೆ ಅರ್ಧ ಶತಮಾನವೇ ಹಿಡಿಯಿತು.

1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮಿದುಳಿಗೆ ಸಣ್ಣ ತಂತಿ ಇಳಿಸಿ, ಸನ್ನೆಕೋಲೊಂದನ್ನು ಒತ್ತಿದರೆ ಮಂದ ವಿದ್ಯುತ್ ಹರಿಯುವಂತೆ ಮಾಡಿದರು. ಇಲಿಗಳು ಗಂಟೆಗೆ ನೂರಾರು ಸಲ ಒತ್ತಿದವು. ಮಿದುಳಿನಲ್ಲಿ ಸುಖದ ಕೇಂದ್ರ ಸಿಕ್ಕಿತೆಂದು ಜಗತ್ತು ಸಂಭ್ರಮಿಸಿತು. ಮೂರ್ನಾಲ್ಕು ವರ್ಷದಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಡೋಪಮೈನ್ ಎಂಬ ರಾಸಾಯನಿಕ ಮಿದುಳಿನ ಸಂದೇಶವಾಹಕ ಎಂದು ತೋರಿಸಿದರು. 2000ರಲ್ಲಿ ಅವರಿಗೆ ನೊಬೆಲ್ ಬಂತು. ಡೋಪಮೈನ್ ಎಂದರೆ ಸುಖ ಎಂಬ ನಂಬಿಕೆ ಆಮೇಲೆ ಬೇರೂರಿತು. ಇವತ್ತಿಗೂ ವಾಟ್ಸ್‌ಆ್ಯಪಿನಲ್ಲಿ ಓಡಾಡುವುದು ಅದೇ.

ಆ ನಂಬಿಕೆಯನ್ನು ಅಲುಗಿಸಿದವರು ಅಮೆರಿಕದ ಮಿಶಿಗನ್‌ನ ಕೆಂಟ್ ಬೆರಿಡ್ಜ್ ಮತ್ತು ಟೆರ್ರಿ ರಾಬಿನ್ಸನ್. 1993ರಲ್ಲಿ ಅವರು ಮಂಡಿಸಿದ ವಾದದ ಪ್ರಕಾರ ಬೇಕೆನ್ನಿಸುವುದು ಬೇರೆ, ಹಿತವೆನ್ನಿಸುವುದು ಬೇರೆ. ಡೋಪಮೈನ್ ಅಳಿದುಹೋದ ಇಲಿಯೂ ನಾಲಿಗೆಗೆ ಸಿಹಿ ಇಟ್ಟರೆ ಚಪ್ಪರಿಸುತ್ತದೆ, ಆದರೆ ಅದನ್ನು ಹುಡುಕಿಕೊಂಡು ಹೋಗುವುದಿಲ್ಲ. ಚಟ ಬಲಿತಂತೆ ಹಂಬಲ ಏರುತ್ತದೆ, ಸುಖ ಏರುವುದಿಲ್ಲ. 'ಕುಡಿದರೆ ಈಗ ಏನೂ ಮಜಾ ಇಲ್ಲ, ಆದರೂ ಕುಡಿಯದೆ ಇರಕ್ಕಾಗಲ್ಲ' ಎನ್ನುವವನು ನೆಪ ಹೇಳುತ್ತಿಲ್ಲ. ಈ ಇಡೀ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಸಂಗತಿ ಇದು.

1997ರಲ್ಲಿ ನರವಿಜ್ಞಾನಿ ವೊಲ್ಫ್ರಾಮ್ ಶುಲ್ಟ್ಸ್ ಮತ್ತು ಸಂಗಡಿಗರು ಇನ್ನೊಂದು ತುಣುಕು ಸೇರಿಸಿದರು. ಕೋತಿಗೆ ದೀಪ ಹೊತ್ತಿದ ಮೇಲೆ ರಸ ಸಿಗುತ್ತದೆಂದು ರೂಢಿಯಾದರೆ, ಡೋಪಮೈನ್ ಕೋಶಗಳು ರಸಕ್ಕಲ್ಲ, ದೀಪಕ್ಕೇ ಮಿಡಿಯುತ್ತವೆ. ಸೇಂದಿ ಮಾರುವ ಓಣಿ, ಜೊತೆಗೆ ಕುಡಿಯುವ ಗೆಳೆಯ, ಕೂಲಿ ಕೈಗೆ ಬಂದ ಸಂಜೆ, ಇವೆಲ್ಲ ಅಂಥ ದೀಪಗಳೇ.

ನಮ್ಮ ಪುಡಿಯ ಸಮಾಚಾರಕ್ಕೆ ತೀರಾ ಹತ್ತಿರ ಬಂದದ್ದು 2010ರಲ್ಲಿ, ಜಿನೀವಾದ ಕ್ರಿಶ್ಚಿಯನ್ ಲ್ಯೂಷರ್ ಅವರ ಪ್ರಯೋಗಾಲಯ. ಡೋಪಮೈನ್ ಕೋಶಗಳ ಪಕ್ಕದಲ್ಲೇ ಅವುಗಳಿಗೆ ಕಡಿವಾಣ ಹಾಕುವ ಗಾಬಾ ಕೋಶಗಳಿವೆ. ಡಯಾಜೆಪಾಮ್ ಕುಲದ ಔಷಧಿಗಳು ಆ ಕಡಿವಾಣವನ್ನೇ ಸಡಿಲಿಸುತ್ತವೆ, ಆಗ ಡೋಪಮೈನ್ ಉಕ್ಕುತ್ತದೆ ಎಂದು ಇಲಿಗಳಲ್ಲಿ ತೋರಿಸಿದರು. ನಿದ್ದೆ ಬರಿಸುವ ಮಾತ್ರೆ ಚಟ ಹೇಗೆ ಹಿಡಿಸುತ್ತದೆ ಎಂಬ ಒಗಟು ಅಲ್ಲಿ ಒಂದಿಷ್ಟು ಬಿಡಿಸಿಕೊಂಡಿತು.

ಇದರ ಇನ್ನೊಂದು ಮುಖ ಭೀಕರ. ದಿನವೂ ಪುಡಿ ಬೀಳುವ ಮಿದುಳು ಅದಕ್ಕೆ ಒಗ್ಗಿಕೊಂಡು, ತನ್ನನ್ನು ಶಾಂತವಾಗಿಡುವ ತನ್ನದೇ ಕಡಿವಾಣವನ್ನು ದುರ್ಬಲ ಮಾಡಿಕೊಂಡಿರುತ್ತದೆ. ಪುಡಿ ಒಮ್ಮೆಲೇ ನಿಂತರೆ ಕೈ ನಡುಗಿ ಚಹಾದ ಗ್ಲಾಸು ತುಳುಕುತ್ತದೆ. ನಿದ್ದೆ ಹತ್ತುವುದಿಲ್ಲ. ಗೋಡೆಯ ಮೇಲೆ ಇಲ್ಲದ ಹುಳ ಕಾಣುತ್ತವೆ, ಮಾತು ತಾಳ ತಪ್ಪುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ, ಜೀವವೂ ಹೋಗಬಹುದು. 2015ರಲ್ಲಿ ಪಕ್ಕದ ತೆಲಂಗಾಣದಲ್ಲಿ ಕಲಬೆರಕೆ ಸೇಂದಿಗೆ ಕಡಿವಾಣ ಬಿದ್ದಾಗ ನಿಜಾಮಾಬಾದ್, ಮೆಹಬೂಬ್‌ನಗರದ ಆಸ್ಪತ್ರೆಗಳಿಗೆ ಇಂಥವರನ್ನು ಹೊತ್ತು ತಂದರು. ಅವರಿಗೆ ದೆವ್ವ ಹಿಡಿದಿರಲಿಲ್ಲ.

1956ರವರೆಗೆ ರಾಯಚೂರು ಇದ್ದದ್ದು ಹೈದರಾಬಾದ್ ರಾಜ್ಯದಲ್ಲಿ. ಅಲ್ಲಿ ಅಬಕಾರಿ ದೊಡ್ಡ ಆದಾಯವಾಗಿತ್ತು, ಗುತ್ತೇದಾರಿಕೆ ಗಟ್ಟಿಯಾಗಿತ್ತು. ಕರ್ನಾಟಕದಲ್ಲಿ 2007ರ ಜುಲೈನಿಂದ ಸಾರಾಯಿ ನಿಂತಿತು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಮದ್ಯ ನಿಷೇಧ ಕೇಳುತ್ತ ನಡೆದವರಲ್ಲಿ ರಾಯಚೂರಿನ ಹೆಣ್ಣುಮಕ್ಕಳೂ ಇದ್ದರು. ಅವರ ಸಿಟ್ಟು ನ್ಯಾಯವಾದದ್ದು. ಪುಡಿ ಬೆರೆಸುವವರ ಮೇಲೆ ದಾಳಿ ಆಗಲೇಬೇಕು. ಆದರೆ ದಾಳಿಯಾದ ದಿನವೇ ತಾಲ್ಲೂಕು ಆಸ್ಪತ್ರೆಯಲ್ಲಿ ಹಾಸಿಗೆಯೂ ಸಿದ್ಧವಿರಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಇದು ಆಗದ ಕೆಲಸವೇನಲ್ಲ. 1985ರಲ್ಲಿ ನಿಮ್ಹಾನ್ಸ್ ನೆರೆಯ ಬಳ್ಳಾರಿಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಊರ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡಿತು. ಆ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶದ ಬೇರೆ ಜಿಲ್ಲೆಗಳಿಗೂ ಹೋಯಿತು. ಪುಡಿಯ ಚಟಕ್ಕೆ ಬೇಕಾದ ಮೊದಲ ಚಿಕಿತ್ಸೆಯೂ ಗೊತ್ತಿರುವಂಥದ್ದೇ: ಹೆಚ್ಚು ಹೊತ್ತು ಕೆಲಸ ಮಾಡುವ ಡಯಾಜೆಪಾಮ್‌ನಂಥ ಔಷಧಿಯನ್ನು ವೈದ್ಯರ ಕಣ್ಣೆದುರಲ್ಲಿ ಕೊಟ್ಟು, ದಿನದಿಂದ ದಿನಕ್ಕೆ ಪ್ರಮಾಣ ಇಳಿಸುತ್ತ ಬರುವುದು. ಆ ದಿನಗಳಲ್ಲಿ ಮನೆಯವರೊಬ್ಬರು ಜೊತೆಗಿರಬೇಕು. ಅವರ ಕೂಲಿಯನ್ನು ತುಂಬಿಕೊಡುವವರು ಯಾರು ಎಂಬುದನ್ನೂ ದಾಳಿಗೆ ಮೊದಲೇ ಗೊತ್ತುಮಾಡಬೇಕು.